ಪಾಪ, ಅಲ್ಲೇ ಯಾಕೆ ಉಳಿದರು?

ಕೆನಡಾದ ಉತ್ತರದ ಮೂಲೆಯ ಪುಟ್ಟ ಊರೊಂದರಿಂದ ಪತ್ರಿಕೆಗೆ ಬರೆಯುತ್ತಿದ್ದ ಈಡಿತ್ ಜೋಸಿಯವರ ವಿಷಯ ತೆಗೆದಾಗಲೆಲ್ಲ ಎದುರಾಗುವ ಪ್ರಶ್ನೆ ಒಂದೇ: “ಪಾಪ, ಆಯಮ್ಮ ಜೀವಮಾನವೆಲ್ಲ ಆ ಚಳಿಯಲ್ಲೇ ಕಳೆದರಾ? ಅಲ್ಲಿ ಅಂಥದ್ದೇನಿದೆ?” ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ.

ಮೊದಲು ಆ ‘ಪಾಪ’ ತೆಗೆಯಿರಿ. ‘ಕಳೆದರಾ’ ಅನ್ನುವುದನ್ನೂ ತೆಗೆಯಿರಿ, ಕಳೆದುಕೊಂಡವರ ಬಗ್ಗೆ ಕೇಳಿದ ಹಾಗಿದೆ. ಆಕೆ ಹುಟ್ಟಿದ್ದು 1921ರಲ್ಲಿ, ಅಲಾಸ್ಕಾದ ಈಗಲ್ ಎಂಬಲ್ಲಿ. ಕೆನಡಾದ ಯೂಕಾನ್ ಪ್ರದೇಶದ ಉತ್ತರ ತುದಿಯಲ್ಲಿರುವ ಓಲ್ಡ್ ಕ್ರೋಗೆ ಬಂದದ್ದು 1940ರಲ್ಲಿ. ಆರ್ಕ್ಟಿಕ್ ವೃತ್ತದಿಂದ ಸುಮಾರು 110 ಕಿ.ಮೀ. ಉತ್ತರಕ್ಕೆ, ಪೋರ್ಕ್ಯುಪೈನ್ ನದಿಯ ದಂಡೆಯ, ಗ್ವಿಚಿನ್ ಎಂಬ ಮೂಲನಿವಾಸಿ ಜನರ ಊರು ಅದು. ಇವತ್ತಿಗೂ ಇನ್ನೂರೈವತ್ತು ಜನರಿಲ್ಲ. ವರ್ಷವಿಡೀ ಓಡಾಡುವ ರಸ್ತೆಯಿಲ್ಲ, ವಿಮಾನವೇ ಗತಿ. 1962ರಿಂದ ದಶಕಗಳ ಕಾಲ ಅಲ್ಲಿಂದಲೇ ಯೂಕಾನ್‌ನ ರಾಜಧಾನಿ ವೈಟ್‌ಹಾರ್ಸ್‌ನ ‘ವೈಟ್‌ಹಾರ್ಸ್ ಸ್ಟಾರ್’ ಪತ್ರಿಕೆಗೆ ಊರ ಸುದ್ದಿ ಬರೆದರು. ಯಾರು ಬಂದರು, ಯಾರಿಗೆ ಹುಷಾರಿಲ್ಲ, ಯಾರಿಗೆ ಎಷ್ಟು ಬೇಟೆ ಸಿಕ್ಕಿತು, ಇಂಥದ್ದೇ. ಅವರ ಇಂಗ್ಲಿಷನ್ನು ತಿದ್ದದೆ ಅಚ್ಚು ಹಾಕುತ್ತಿದ್ದರು. 1995ರಲ್ಲಿ ‘ಆರ್ಡರ್ ಆಫ್ ಕೆನಡಾ’ ಗೌರವ ಸಿಕ್ಕಿತು. 2010ರಲ್ಲಿ, 88ನೇ ವಯಸ್ಸಿನಲ್ಲಿ ತೀರಿಕೊಂಡರು. ಇದರಲ್ಲಿ ಪಾಪ ಅನ್ನುವಂಥದ್ದು ಯಾವುದು?

‘ಅಲ್ಲಿ ಏನಿದೆ’ ಅನ್ನುವುದಕ್ಕೆ ಉತ್ತರ: ಕೆಲಸವಿದೆ. ಬೇರೆಲ್ಲೂ ಕಲಿಯಲಾಗದ ಕೆಲಸ.

ಊರಿನ ಉತ್ತರಕ್ಕೆ ಎರಡು ಸಾವಿರಕ್ಕೂ ಹೆಚ್ಚು ಕೆರೆಗಳ ಬಯಲಿದೆ. ಈ ಊರಿನ ಗ್ವಿಚಿನ್ನರನ್ನು ಕರೆಯುವ ವುಂಟುಟ್ ಗ್ವಿಚಿನ್ ಎಂಬ ಹೆಸರಿನ ಅರ್ಥವೇ ಕೆರೆಗಳ ನಡುವಿನ ಜನ. ವಸಂತ ಬಂತೆಂದರೆ ಕುಟುಂಬಗಳು ಮಸ್ಕ್‌ರ್ಯಾಟ್ ಎಂಬ ನೀರಿಲಿ ಹಿಡಿಯಲು ಅಲ್ಲಿಗೆ ಹೋಗುತ್ತಿದ್ದವು. ಕೆರೆ ಹೆಪ್ಪುಗಟ್ಟುತ್ತಿದ್ದಂತೆ ಈ ಪ್ರಾಣಿ ಮಂಜುಗಡ್ಡೆಯಲ್ಲಿ ತೂತು ಕೊರೆದು, ತಳದ ಜೊಂಡು ಪಾಚಿಯನ್ನು ಎಳೆದು ತಂದು ಮೇಲೆ ಗುಪ್ಪೆ ಹಾಕುತ್ತದೆ. ಒಳಗೆ ಕೂತು ತಿನ್ನಲು, ಉಸಿರಾಡಲು ಅದೇ ಜಾಗ. ಹಿಡಿಯುವವರು ಗುಪ್ಪೆಯ ಒಂದು ಮಗ್ಗುಲನ್ನು ಕೊಯ್ದು, ನಮ್ಮ ಇಲಿ ಕತ್ತರಿಯಂಥ ಕಬ್ಬಿಣದ ಟ್ರ್ಯಾಪನ್ನು ತೂತಿನ ಅಂಚಿನ ಕಟ್ಟೆಯ ಮೇಲಿಡುತ್ತಾರೆ. ಸರಪಳಿಯನ್ನು ಹೊರಗೆ ಒಂದು ಕೋಲಿಗೆ ಕಟ್ಟುತ್ತಾರೆ. ಹಿಮ ಬಿದ್ದರೂ ಜಾಗ ಗೊತ್ತಾಗಲು ಆ ಕೋಲೇ ಗುರುತು. ಇಲ್ಲಿಯವರೆಗೆ ಯಾರು ಬೇಕಾದರೂ ಮಾಡಿಯಾರು. ಕೊಯ್ದ ಜಾಗವನ್ನು ಮುಚ್ಚುವುದರಲ್ಲಿದೆ ಕೈಚಳಕ. ಅದೇ ಜೊಂಡನ್ನು ವಾಪಸ್ಸಿಟ್ಟು, ಮೇಲೆ ಹಿಮ ಒತ್ತಿ, ಗಾಳಿ ನುಸುಳದಂತೆ ಮೆತ್ತಬೇಕು. ಬೆರಳಗಲ ಸಂದಿ ಉಳಿದರೂ ಚಳಿ ಒಳಗಿಳಿದು ತೂತು ಹೆಪ್ಪುಗಟ್ಟುತ್ತದೆ. ಟ್ರ್ಯಾಪು ಮಂಜಿನಲ್ಲಿ ಹೂತುಹೋಗುತ್ತದೆ, ಪ್ರಾಣಿಗೆ ಆ ಗುಪ್ಪೆಯೇ ಇಲ್ಲವಾಗುತ್ತದೆ. ಅಂದರೆ ಇವತ್ತಿನ ಬೇಟೆಯೂ ಹೋಯಿತು, ನಾಳೆಯದೂ ಹೋಯಿತು.

ಕ್ಯಾರಿಬೂ ಎಂಬ ಹಿಮನಾಡಿನ ಜಿಂಕೆಯ ಮಾಂಸ ಒಣಗಿಸುವುದೂ ಹೀಗೇ. ದುಪ್ಪಟಿ ಬಿಚ್ಚಿದಂತೆ ತೆಳ್ಳಗೆ ಹರವಿ ಕೊಯ್ದು ಗಳುವಿನ ಮೇಲೆ ನೇತುಹಾಕಿ, ಕೆಳಗೆ ಸಣ್ಣ ಹೊಗೆ ಹಾಕಬೇಕು. ಬೇಗ ಮುಗಿಸಲೆಂದು ಬೆಂಕಿ ಜೋರು ಮಾಡಿದರೆ ಹೊರಗೆ ಸಿಪ್ಪೆ ಕಟ್ಟಿ ಒಳಗೆ ಹಸಿ ಉಳಿಯುತ್ತದೆ, ಹುಳಿಯಾಗುತ್ತದೆ.

ಇದನ್ನೆಲ್ಲ ಬಲ್ಲವರನ್ನು ವೈಟ್‌ಹಾರ್ಸ್‌ನ ಬಾಡಿಗೆ ಮನೆಯಲ್ಲಿ ಕೂರಿಸಿದರೆ ಅವರ ಕೈಗೆ ಏನು ಕೆಲಸ?

ನೀವು ಕೇಳಬೇಕಾದದ್ದು ಬೇರೆ. ಆ ಊರು ಉಳಿಯಲು ಏನೇನು ಉಳಿಯಬೇಕು, ಅದನ್ನು ಕೇಳಿ. ಊರಿನವರು ನೆಚ್ಚಿಕೊಂಡಿರುವ ಪೋರ್ಕ್ಯುಪೈನ್ ಕ್ಯಾರಿಬೂ ಹಿಂಡು 2017ರ ಎಣಿಕೆಯಲ್ಲಿ ಸುಮಾರು 2,18,000 ಇತ್ತು. ಅದು ಮರಿ ಹಾಕುವ ಮುಖ್ಯ ಜಾಗ ಗಡಿಯಾಚೆ, ಅಲಾಸ್ಕಾದ ಕರಾವಳಿ ಬಯಲಿನಲ್ಲಿ. ಅಲ್ಲಿ ಎಣ್ಣೆ ಬಾವಿ ಕೊರೆಯಬಾರದೆಂದು ಎರಡೂ ದೇಶಗಳ ಗ್ವಿಚಿನ್ನರು 1988ರಲ್ಲಿ ಸಭೆ ಸೇರಿ ತೀರ್ಮಾನಿಸಿದರು, ಇನ್ನೂ ಹೋರಾಡುತ್ತಿದ್ದಾರೆ. 2019ರಲ್ಲಿ ಓಲ್ಡ್ ಕ್ರೋ ಹವಾಮಾನ ತುರ್ತುಸ್ಥಿತಿ ಘೋಷಿಸಿತು. ಬರೀ ಘೋಷಣೆಯಲ್ಲ ಅದು. ಕೆರೆಗಳ ದಡ ಹಿಡಿದಿರುವುದು ಹೆಪ್ಪುಗಟ್ಟಿದ ನೆಲ. ಅದು ಕರಗಿದರೆ, ಇಲ್ಲವೇ ತುಂಬಿದ ಕೆರೆ ಕೋಡಿ ಹರಿದು ದಡ ಕೊರೆದರೆ, ನೀರು ಕೆಲವೇ ದಿನಗಳಲ್ಲಿ ಖಾಲಿ. 2007ರಲ್ಲಿ ಜೆಲ್ಮಾ ಎಂಬ ಕೆರೆ ಹಾಗೆಯೇ ಬರಿದಾಯಿತು. ನೀರಿಳಿದ ಕೆರೆ ಚಳಿಗಾಲದಲ್ಲಿ ತಳದವರೆಗೂ ಮಂಜುಗಡ್ಡೆಯಾಗುತ್ತದೆ. ಅಂಥ ಕೆರೆಯ ಮೇಲೆ ಗುಪ್ಪೆ ಏಳುವುದಿಲ್ಲ.