1931ರ ಜುಲೈ: ಬರ್ಲಿನ್ನಿನಲ್ಲಿ ಬಾಗಿಲು ಮುಚ್ಚಿತು, ಲಂಡನ್ನಿನಲ್ಲಿ ಚಿನ್ನ ಕರಗಿತು

ಎರಡು ಮಹಾಯುದ್ಧಗಳ ನಡುವಿನ ತಿಂಗಳುಗಳಲ್ಲಿ ಒಂದನ್ನೇ ಆರಿಸಿ ಓದಬೇಕೆನ್ನುವವರಿಗೆ ನಾನು ಹೇಳುವುದು 1931ರ ಜುಲೈ. ಅದರಲ್ಲೂ 13ನೇ ತಾರೀಖು, ಸೋಮವಾರ. ಅಂದು ಬೆಳಗ್ಗೆ ಬರ್ಲಿನ್ನಿನಲ್ಲಿ ಜರ್ಮನಿಯ ದೊಡ್ಡ ಬ್ಯಾಂಕುಗಳಲ್ಲೊಂದಾದ ಡಾನಾಟ್ ಬ್ಯಾಂಕ್ ಬಾಗಿಲು ತೆರೆಯಲಿಲ್ಲ. ಅದೇ ದಿನ ಲಂಡನ್ನಿನಲ್ಲಿ, ಬ್ರಿಟನ್ನಿನ ಹಣಕಾಸು ಮತ್ತು ಉದ್ಯಮದ ಸ್ಥಿತಿ ಪರಿಶೀಲಿಸಲು ಸರ್ಕಾರ ನೇಮಿಸಿದ್ದ ಮ್ಯಾಕ್‌ಮಿಲನ್ ಸಮಿತಿಯ ವರದಿ ಹೊರಬಿತ್ತು. ಅದೇ ದಿನ ಶ್ರೀನಗರದ ಜೈಲಿನ ಹೊರಗೆ ಮಹಾರಾಜರ ಪೊಲೀಸರು ಹಾರಿಸಿದ ಗುಂಡಿಗೆ 22 ಜನ ಬಲಿಯಾದರು. ಶ್ರೀನಗರದ್ದು ಬೇರೆಯೇ ಕಥೆ. ಬರ್ಲಿನ್ನಿನದೂ ಲಂಡನ್ನಿನದೂ ಮಾತ್ರ ಒಂದೇ ಸರಪಳಿಯ ಕೊಂಡಿಗಳು. ಆ ಸರಪಳಿ ಹೇಗೆ ಎಳೆಯಿತು ಎಂಬುದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲ ಕೊಂಡಿ ವಿಯೆನ್ನಾದ್ದು. ಅಲ್ಲಿನ ಕ್ರೆಡಿಟಾನ್‌ಸ್ಟಾಲ್ಟ್ ಬ್ಯಾಂಕಿಗೆ ಅದರ ಬಂಡವಾಳವನ್ನೇ ಮೀರಿದ ನಷ್ಟ ಆಗಿದೆ ಎಂಬುದು ಮೇ 11ರಂದು ಬಯಲಾಯಿತು: ಬಂಡವಾಳ 12.5 ಕೋಟಿ ಶಿಲ್ಲಿಂಗ್ (ಆಸ್ಟ್ರಿಯಾದ ಹಣ), ನಷ್ಟ 14 ಕೋಟಿ. ಆಸ್ಟ್ರಿಯಾಕ್ಕೆ ಸಾಲ ಕೊಟ್ಟವರೇ ಜರ್ಮನಿಗೂ ಕೊಟ್ಟಿದ್ದರು. ಅಲ್ಲಿ ಹೀಗಾದರೆ ಇಲ್ಲಿ ಹೇಗೋ ಎಂದು ಅವರು ಜರ್ಮನಿಯಿಂದಲೂ ಹಣ ವಾಪಸ್ ಕೇಳತೊಡಗಿದರು.

ಜರ್ಮನ್ ಬ್ಯಾಂಕುಗಳ ದೌರ್ಬಲ್ಯ ಇದ್ದದ್ದೇ ಇಲ್ಲಿ. ಅಮೆರಿಕ, ಹಾಲೆಂಡ್, ಸ್ವಿಟ್ಜರ್ಲೆಂಡ್, ಇಂಗ್ಲೆಂಡಿನಿಂದ ಮೂರು ತಿಂಗಳಿಗೆಂದು ಬಂದ ಹಣವನ್ನು ಅವು ಗಿರಣಿಗಳಿಗೆ, ನಗರಸಭೆಗಳಿಗೆ ವರ್ಷಗಟ್ಟಲೆ ತೀರದ ಸಾಲವಾಗಿ ಕೊಟ್ಟಿದ್ದವು. ಸಾಲದ ಅವಧಿ ಮುಗಿದಾಗಲೆಲ್ಲ ನವೀಕರಿಸಿಕೊಂಡರಾಯಿತು ಎಂಬ ಭರವಸೆ. ಇಷ್ಟೇ ಆಗಿದ್ದರೆ ರಾಷ್ಟ್ರದ ಕೇಂದ್ರ ಬ್ಯಾಂಕು, ಅಂದರೆ ರೈಶ್‌ಬ್ಯಾಂಕ್, ಕೈ ಹಿಡಿಯಬಹುದಿತ್ತು. ಆದರೆ ವಾಪಸ್ ಕೊಡಬೇಕಾದದ್ದು ಮಾರ್ಕ್ ಅಲ್ಲ, ಡಾಲರ್ ಮತ್ತು ಪೌಂಡ್. ಅವನ್ನು ಅದು ಮುದ್ರಿಸಲಾರದು.

ರೈಶ್‌ಬ್ಯಾಂಕಿಗೆ ಇನ್ನೊಂದು ಕಟ್ಟೂ ಇತ್ತು. ಚಲಾವಣೆಯಲ್ಲಿರುವ ನೋಟುಗಳ ಶೇ 40ರಷ್ಟು ಬೆಲೆಯ ಚಿನ್ನ ಮತ್ತು ವಿದೇಶಿ ಹಣ ಅದರ ಬಳಿ ಇರಬೇಕು. ಈ ನಿಯಮ ಒತ್ತಡದಲ್ಲಿ ಹೇಗೆ ಕುತ್ತಿಗೆ ಹಿಸುಕುತ್ತದೆ ಎಂದು ಲೆಕ್ಕ ಹಾಕಿ ನೋಡಿ. 100 ಮಾರ್ಕ್ ನೋಟಿಗೆ 40 ಮಾರ್ಕಿನ ಚಿನ್ನ ಇದೆ ಎನ್ನೋಣ. ಯಾರೋ 10 ಮಾರ್ಕ್ ನೋಟು ಕೊಟ್ಟು ಅಷ್ಟಕ್ಕೆ ಡಾಲರ್ ಒಯ್ದರು. ನೋಟು 90ಕ್ಕೆ ಇಳಿಯಿತು, ಚಿನ್ನ 30ಕ್ಕೆ. ಎರಡರಲ್ಲೂ ಕಳೆದದ್ದು ಹತ್ತೇ, ಆದರೆ ಅನುಪಾತ 40ರಿಂದ 33ಕ್ಕೆ ಬಿತ್ತು. ಮತ್ತೆ 40ಕ್ಕೆ ತರಬೇಕೆಂದರೆ ನೋಟುಗಳನ್ನು 75ಕ್ಕೆ ಇಳಿಸಬೇಕು. ಅಂದರೆ ಬ್ಯಾಂಕುಗಳು ನಗದಿಗಾಗಿ ಹುಂಡಿ (ವ್ಯಾಪಾರಿಗಳ ಸಾಲಪತ್ರ) ತಂದಾಗ ಮುರಿದುಕೊಡಲು ಒಲ್ಲೆ ಎನ್ನಬೇಕು. ಠೇವಣಿದಾರರು ಕೌಂಟರಿಗೆ ಮುಗಿಬಿದ್ದ ಹೊತ್ತಿನಲ್ಲೇ ಬ್ಯಾಂಕಿಗೆ ನಗದು ಸಿಗದಂತೆ ಮಾಡಬೇಕು. ಈ ನಿಯಮವನ್ನು ತಮ್ಮಷ್ಟಕ್ಕೆ ತಾವೇ ಸಡಿಲಿಸುವ ಸ್ವಾತಂತ್ರ್ಯವೂ ಜರ್ಮನ್ನರಿಗೆ ಇರಲಿಲ್ಲ. ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿ ಗೆದ್ದವರಿಗೆ ಕೊಡಬೇಕಿದ್ದ ಯುದ್ಧ ಪರಿಹಾರದ ಒಪ್ಪಂದಗಳಿಗೆ ಅದು ಹೆಣೆದುಕೊಂಡಿತ್ತು. ಮೇಲಾಗಿ 1923ರ ಹಣದುಬ್ಬರ ಕಂಡವರಿಗೆ ಹೊಸ ನೋಟು ಎಂದರೇ ಭಯ.

ಜೂನ್ 20ರಂದು ಅಮೆರಿಕದ ಅಧ್ಯಕ್ಷ ಹೂವರ್ ಸರ್ಕಾರಗಳ ನಡುವಿನ ಸಾಲ ಮತ್ತು ಪರಿಹಾರದ ಕಂತುಗಳನ್ನು ಒಂದು ವರ್ಷ ತಡೆಹಿಡಿಯುವ ಪ್ರಸ್ತಾಪ ಇಟ್ಟರು. ಒಳ್ಳೆಯ ಮದ್ದೇ. ಆದರೆ ಫ್ರಾನ್ಸ್ ಒಪ್ಪಿದ್ದು ಜುಲೈ 6ಕ್ಕೆ. ಈ ಎರಡು ವಾರಗಳಲ್ಲಿ ಮದ್ದಿನ ಗುಣ ಹೋಗಿತ್ತು. ಇಂಗ್ಲೆಂಡ್, ಫ್ರಾನ್ಸ್, ಅಮೆರಿಕದ ಕೇಂದ್ರ ಬ್ಯಾಂಕುಗಳು ಮತ್ತು ಬಾಸೆಲ್‌ನ ಅಂತರರಾಷ್ಟ್ರೀಯ ಪಾವತಿ ಬ್ಯಾಂಕು ತಲಾ 2.5 ಕೋಟಿಯಂತೆ ಕೊಟ್ಟ 10 ಕೋಟಿ ಡಾಲರ್, ಅಂದರೆ ಸುಮಾರು 42 ಕೋಟಿ ಮಾರ್ಕ್, ಕೆಲವೇ ದಿನಗಳಲ್ಲಿ ಸೋರಿಹೋಯಿತು.

ಆಗ ಬಿದ್ದದ್ದು ಬ್ರೆಮೆನ್‌ನ ನಾರ್ಡ್‌ವೋಲೆ ಉಣ್ಣೆ ಕಂಪನಿ. ಉಣ್ಣೆಯ ಬೆಲೆ ಏರುತ್ತದೆಂದು ಸಟ್ಟಾ ಆಡಿ ಸೋತು, ನಷ್ಟವನ್ನು ಹಾಲೆಂಡಿನ ಅಂಗಸಂಸ್ಥೆಯೊಂದರ ಲೆಕ್ಕದಲ್ಲಿ ಅಡಗಿಸಿಟ್ಟಿತ್ತು. ಅದಕ್ಕೆ ದೊಡ್ಡ ಸಾಲ ಕೊಟ್ಟದ್ದು ಡಾನಾಟ್. ಆ ಬ್ಯಾಂಕಿನ ಷೇರು ಬಂಡವಾಳವೇ 6 ಕೋಟಿ ಮಾರ್ಕ್. ಅದರಲ್ಲಿ ಬಹುಭಾಗವನ್ನು ಒಬ್ಬನೇ ಸಾಲಗಾರ ನುಂಗಿಹಾಕಿದ. ರೈಶ್‌ಬ್ಯಾಂಕಿನ ಅಧ್ಯಕ್ಷ ಹಾನ್ಸ್ ಲೂಥರ್ ಜುಲೈ 9ರಂದು ವಿಮಾನ ಹತ್ತಿ ಲಂಡನ್ನಿಗೆ, ಅಲ್ಲಿಂದ ಪ್ಯಾರಿಸ್ಸಿಗೆ ಹೋಗಿ ಸಾಲ ಕೇಳಿದರು. ಫ್ರಾನ್ಸಿನ ಬಳಿ ಚಿನ್ನ ಇತ್ತು, ಜೊತೆಗೆ ಷರತ್ತುಗಳೂ ಇದ್ದವು: ಆಸ್ಟ್ರಿಯಾದೊಂದಿಗೆ ಸುಂಕ ಒಕ್ಕೂಟದ ಯೋಜನೆ ಬಿಡಿ, ಹೊಸ ಯುದ್ಧನೌಕೆ ಕಟ್ಟುವುದು ನಿಲ್ಲಿಸಿ. ಚಾನ್ಸಲರ್ ಬ್ರೂನಿಂಗ್ ಅದಕ್ಕೆ ಮಣಿದಿದ್ದರೆ ಸರ್ಕಾರವೇ ಉರುಳುತ್ತಿತ್ತು. ಲೂಥರ್ ಬರಿಗೈಯಲ್ಲಿ ಮರಳಿದರು.

ಸೋಮವಾರ ಡಾನಾಟ್ ಮುಚ್ಚಿದ ಸುದ್ದಿ ಹಬ್ಬುತ್ತಿದ್ದಂತೆ ಉಳಿದ ಬ್ಯಾಂಕುಗಳ ಮುಂದೆಯೂ ಸಾಲು ಬೆಳೆಯಿತು. ಕೇಳಿದ್ದರಲ್ಲಿ ಒಂದು ಪಾಲನ್ನಷ್ಟೇ ಅವು ಕೊಟ್ಟವು. ಡಾನಾಟ್ ಠೇವಣಿಗಳಿಗೆ ಸರ್ಕಾರವೇ ಜಾಮೀನು ನಿಂತಿತು. ಆದರೂ ಮಂಗಳವಾರ, ಬುಧವಾರ ಎಲ್ಲ ಬ್ಯಾಂಕುಗಳಿಗೂ ರಜೆ ಘೋಷಿಸಬೇಕಾಯಿತು. ಡ್ರೆಸ್ಡ್ನರ್ ಬ್ಯಾಂಕಿನ ಸ್ಥಿತಿಯೂ ನೆಟ್ಟಗಿಲ್ಲ ಎಂಬುದು ಆಗಲೇ ತಿಳಿದದ್ದು. ರೈಶ್‌ಬ್ಯಾಂಕು ಬೇರೆ ಬ್ಯಾಂಕುಗಳಿಗೆ ಹಾಕುವ ಬಡ್ಡಿ, ಅಂದರೆ ಡಿಸ್ಕೌಂಟ್ ದರ, ಶೇ 7ರಿಂದ 10ಕ್ಕೆ, ಆಗಸ್ಟ್ 1ಕ್ಕೆ 15ಕ್ಕೆ ಹೋಯಿತು. ವಿದೇಶಿ ಹಣದ ವ್ಯವಹಾರವೆಲ್ಲ ರೈಶ್‌ಬ್ಯಾಂಕಿನ ಕೈಗೆ ಬಂತು. ಬೇಸಿಗೆ ರಜೆಗೆ ಗಡಿ ದಾಟುವವರು ತಲಾ 100 ಮಾರ್ಕ್ ಕಟ್ಟಬೇಕೆಂಬ ಆದೇಶವೂ ಹೊರಟಿತು. ಬ್ಯಾಂಕುಗಳು ಪೂರ್ತಿ ಪಾವತಿ ಶುರುಮಾಡಿದ್ದು ಆಗಸ್ಟ್ 5ಕ್ಕೆ.

ಇಂಗ್ಲೆಂಡಿಗೆ ಇದು ತಗುಲಿದ ಬಗೆ ಸರಳ. ಜರ್ಮನಿಯಲ್ಲಿ ಲಂಡನ್ ಇಟ್ಟ ಹಣ ಸಿಕ್ಕಿಹಾಕಿಕೊಂಡಿತು. ಲಂಡನ್ನಿನಲ್ಲಿ ಬೇರೆಯವರು ಇಟ್ಟ ಹಣ ಮಾತ್ರ ಯಾವಾಗ ಬೇಕಾದರೂ ಹೊರಡಬಹುದಿತ್ತು. ಪೌಂಡಿಗೆ ನಿಗದಿತ ದರದಲ್ಲಿ ಚಿನ್ನ ಕೊಡುವ ಕಟ್ಟು ಆಗ ಇದ್ದದ್ದರಿಂದ ಹಣ ಹೊರಟರೆ ಚಿನ್ನವೂ ಹೊರಡುತ್ತಿತ್ತು. ಹಾಗೆ ಇಟ್ಟ ಹಣ ಎಷ್ಟು ದೊಡ್ಡದು ಎಂಬುದನ್ನು ಮ್ಯಾಕ್‌ಮಿಲನ್ ವರದಿಯೇ ಅಂಕಿಅಂಶ ಸಮೇತ ಮುಂದಿಟ್ಟಿತ್ತು. ತಿಂಗಳ ಕೊನೆಯ ಎರಡು ವಾರಗಳಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ 3 ಕೋಟಿ ಪೌಂಡಿಗೂ ಹೆಚ್ಚಿನ ಚಿನ್ನ ಕಳೆದುಕೊಂಡಿತು. ಅದರ ಬಡ್ಡಿ ದರ (ಬ್ಯಾಂಕ್ ದರ) 23ರಂದು ಶೇ ಎರಡೂವರೆಯಿಂದ ಮೂರೂವರೆಗೆ, 30ರಂದು ನಾಲ್ಕೂವರೆಗೆ ಏರಿತು. 20ರಿಂದ 23ರವರೆಗೆ ಲಂಡನ್ನಿನಲ್ಲೇ ಏಳು ದೇಶಗಳ ಮಂತ್ರಿಗಳು ಕೂತು ಮಾತಾಡಿದರು. ಹೊಸ ಸಾಲ ಹುಟ್ಟಲಿಲ್ಲ, ಇರುವ ಸಾಲವನ್ನು ಎಳೆಯಬೇಡಿ ಎಂಬ ಸಲಹೆ ಮಾತ್ರ ಹೊರಟಿತು. ಜುಲೈ 31ಕ್ಕೆ, ಬ್ರಿಟಿಷ್ ಸರ್ಕಾರದ ವೆಚ್ಚ ಇಳಿಸುವ ದಾರಿ ಹೇಳಲು ಸರ್ ಜಾರ್ಜ್ ಮೇ ನೇತೃತ್ವದಲ್ಲಿ ನೇಮಿಸಿದ್ದ ಸಮಿತಿಯ ವರದಿ ಬಂತು: ಬಜೆಟ್ಟಿನ ಕೊರತೆ 12 ಕೋಟಿ ಪೌಂಡ್ ಆಗಲಿದೆ, ನಿರುದ್ಯೋಗಿಗಳ ಭತ್ಯೆಯಲ್ಲಿ ಶೇ 20 ಕಡಿತ ಮಾಡಿ. ಕೂಲಿ ಇಲ್ಲದವರ ತಟ್ಟೆಗೇ ಮೊದಲು ಕೈ ಹಾಕಿದ್ದನ್ನು ಓದಿದಾಗ ಇಂದಿಗೂ ಸಂಕಟವಾಗುತ್ತದೆ. ಆ ಕಡಿತದ ಜಗಳದಲ್ಲೇ ಲೇಬರ್ ಸರ್ಕಾರ ಆಗಸ್ಟ್ 24ರಂದು ಮುರಿದುಬಿತ್ತು.

ಅದೇ ತಿಂಗಳು ಚೀನಾದ ಯಾಂಗ್ಟ್ಸಿ ಕಣಿವೆಯಲ್ಲಿ ಚಂಡಮಾರುತದ ಮೇಲೆ ಚಂಡಮಾರುತ ಬಂದು ಮಳೆ ಸುರಿಯುತ್ತಲೇ ಇತ್ತು. ಆಗಸ್ಟ್ 19ಕ್ಕೆ ಹಾಂಕೌದಲ್ಲಿ ನೀರು ತುತ್ತತುದಿ ಮುಟ್ಟಿತು. ಸತ್ತವರ ಲೆಕ್ಕದಲ್ಲಿ ಆ ವರ್ಷದ ಅತಿ ದೊಡ್ಡ ದುರಂತ ಇದೇ. ಯುರೋಪಿನ ಬ್ಯಾಂಕು ಸುದ್ದಿಯ ಮುಂದೆ ಇದಕ್ಕೆ ಸಿಗಬೇಕಾದ ಜಾಗ ಸಿಗಲೇ ಇಲ್ಲ. ನಮ್ಮಲ್ಲಿ ಗಾಂಧಿ-ಇರ್ವಿನ್ ಒಪ್ಪಂದದ ಕದನವಿರಾಮ ನಡೆದಿದ್ದರೂ 22ರಂದು ಪುಣೆಯ ಫರ್ಗ್ಯೂಸನ್ ಕಾಲೇಜಿನಲ್ಲಿ ಮುಂಬಯಿಯ ಹಂಗಾಮಿ ಗವರ್ನರ್ ಹಾಟ್ಸನ್ ಮೇಲೆ ವಾಸುದೇವ ಗೋಗಟೆ ಗುಂಡು ಹಾರಿಸಿದರು. ಹಾಟ್ಸನ್ ಬದುಕಿಕೊಂಡರು. 27ರಂದು ನ್ಯಾಯಾಧೀಶ ಗಾರ್ಲಿಕ್ ಕಲ್ಕತ್ತೆಯ ಅಲಿಪುರದ ಕೋರ್ಟಿನಲ್ಲೇ ಗುಂಡೇಟಿಗೆ ಬಲಿಯಾದರು.

ಜುಲೈನಲ್ಲಿ ಶುರುವಾದ ಚಿನ್ನದ ಸೋರಿಕೆ ಮುಗಿದದ್ದು ಸೆಪ್ಟೆಂಬರ್ 21ಕ್ಕೆ, ಪೌಂಡು ಚಿನ್ನದ ಕಟ್ಟು ಬಿಟ್ಟಾಗ. ರೂಪಾಯಿಯನ್ನು 1 ಶಿಲ್ಲಿಂಗ್ 6 ಪೆನ್ಸಿಗೆ ಪೌಂಡಿನ ಜೊತೆಗೇ ಕಟ್ಟಿಹಾಕಿದ್ದರಿಂದ ಅದೂ ಚಿನ್ನದ ಲೆಕ್ಕದಲ್ಲಿ ಇಳಿಯಿತು. ಲಂಡನ್ನಿನಲ್ಲಿ ಔನ್ಸಿಗೆ 85 ಶಿಲ್ಲಿಂಗ್ ಇದ್ದ ಚಿನ್ನ 100 ದಾಟಿತು. ಕೋಲಾರದ ಗಣಿ ಕಂಪನಿಗಳಿಗೆ ಅದು ಸುಗ್ಗಿ. ಧಾನ್ಯ, ಹತ್ತಿಯ ಬೆಲೆ ಕುಸಿದು ಕಂದಾಯ ಕಟ್ಟಲು ದಾರಿ ಕಾಣದ ರೈತರ ಮನೆಗಳಲ್ಲಿ ಹೆಂಗಸರ ಕೊರಳಿನ, ಕೈಯ ಚಿನ್ನ ಸಾಹುಕಾರನ ತಕ್ಕಡಿ ಏರಿತು. ಅಲ್ಲಿಂದ ಅದು ಮುಂಬಯಿ ಬಂದರು ಸೇರಿ, ಹಡಗು ಹತ್ತಿ ಲಂಡನ್ನಿನ ದಾರಿ ಹಿಡಿಯಿತು.