68ನೇ ನಂಬರಿನ ಪ್ಯಾಕೆಟ್ ಮತ್ತು ನೇರಳೆ ಮುಲಾಮು: ನನ್ನ ಕಂಪೋ ನೋಟ್‌ಬುಕ್, ಎಂಟನೇ ತಿಂಗಳು

ನವೆಂಬರ್‌ನಲ್ಲಿ ಒಂದು ನೂರು ಹಾಳೆಯ ನೋಟ್‌ಬುಕ್ ತಂದು ಶುರು ಮಾಡಿದ ಕೆಲಸ ಇದು. ನಾವು ಒಸಾಕಾಗೆ ಬಂದು ಆರು ವರ್ಷ ಆಯಿತು. ಮನೆಯಲ್ಲಿ ಯಾರಿಗೆ ಸಣ್ಣಪುಟ್ಟ ಕಾಯಿಲೆ ಬಂದರೂ, ಡಾಕ್ಟರು ಕೊಟ್ಟ ಕಂಪೋ ಔಷಧಿ ಯಾವುದು, ಎಷ್ಟು ಗಂಟೆಗೆ ತಗೊಂಡೆವು, ಆಮೇಲೆ ಏನಾಯಿತು, ಅಷ್ಟನ್ನೂ ಬರೆದಿಡಬೇಕು ಅಂತ ತೀರ್ಮಾನ ಮಾಡಿದೆ. ಈಗ ಜೂನ್ ಮುಗಿಯುತ್ತಾ ಬಂತು, 61 ಪುಟ ತುಂಬಿದೆ. ಒಂದು ಸಲ ತಪ್ಪನ್ನೂ ಮಾಡಿದ್ದೇನೆ, ಅದನ್ನು ಮುಚ್ಚಿಡದೆ ಕೆಳಗೆ ಬರೆದಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಕಂಪೋ ಅಂದರೆ ಜಪಾನಿನ ಗಿಡಮೂಲಿಕೆ ವೈದ್ಯ. ಮೂಲ ಚೀನಾದ್ದು, ಸುಮಾರು 1,500 ವರ್ಷದ ಹಿಂದೆ ಇಲ್ಲಿಗೆ ಬಂತು, ಬಂದ ಮೇಲೆ ತನ್ನದೇ ದಾರಿ ಹಿಡಿಯಿತು. ನಮ್ಮಲ್ಲಿ ಆಯುರ್ವೇದದ ಡಾಕ್ಟರು ಬೇರೆ, ಇಂಗ್ಲಿಷ್ ಔಷಧಿ ಕೊಡುವವರು ಬೇರೆ, ಅಲ್ವಾ? ಇಲ್ಲಿ ಹಾಗಿಲ್ಲ. ಆಂಟಿಬಯಾಟಿಕ್ ಬರೆಯುವ ಅದೇ ಡಾಕ್ಟರು ಅದೇ ಚೀಟಿಯಲ್ಲಿ ಕಂಪೋನೂ ಬರೆಯುತ್ತಾರೆ. 1976ರಲ್ಲಿ ಸರ್ಕಾರದ ಆರೋಗ್ಯ ವಿಮೆಗೆ ಇದನ್ನು ದೊಡ್ಡದಾಗಿ ಸೇರಿಸಿದರು, ಈಗ 148 ಬಗೆಯ ಮಿಶ್ರಣಕ್ಕೆ ವಿಮೆ ಸಿಗುತ್ತದೆ. ನಾವು ಕೊಡುವುದು 30%. ಹೆಚ್ಚಿನವು ಕಷಾಯವನ್ನೇ ಒಣಗಿಸಿ ಮಾಡಿದ ಕಂದು ಬಣ್ಣದ ಹರಳುಪುಡಿ, ಸಣ್ಣ ಅಲ್ಯುಮಿನಿಯಂ ಪ್ಯಾಕೆಟ್‌ನಲ್ಲಿ ಬರುತ್ತದೆ. ಮೇಲೆ ದೊಡ್ಡದಾಗಿ ಒಂದು ನಂಬರು. ಹೆಸರು ಉದ್ದ, ಅದಕ್ಕೇ ಡಾಕ್ಟರಿಂದ ಹಿಡಿದು ರೋಗಿವರೆಗೆ ಎಲ್ಲರೂ ನಂಬರ್ ಹೇಳುವುದೇ ಜಾಸ್ತಿ.

ಹೆಸರಿನ ಬಾಲ ನೋಡಿದರೆ ಔಷಧಿ ಯಾವ ರೂಪದ್ದು ಅಂತ ತಿಳಿಯುತ್ತದೆ, ಇದು ನನಗೆ ತುಂಬಾ ಇಷ್ಟವಾಯಿತು. 'ತೋ' ಅಂತ ಮುಗಿದರೆ ಕಷಾಯ, 'ಸಾನ್' ಅಂದರೆ ಚೂರ್ಣ, 'ಗಾನ್' ಅಂದರೆ ಗುಳಿಗೆ, 'ಕೋ' ಅಂದರೆ ಮುಲಾಮು.

ನವೆಂಬರ್

ಶುರುವಾದದ್ದು ದೋಶೊಮಾಚಿಯಲ್ಲಿ. ಒಸಾಕಾದ ಹಳೇ ಔಷಧಿ ಪೇಟೆ ಅದು. ದೊಡ್ಡ ದೊಡ್ಡ ಔಷಧಿ ಕಂಪನಿಗಳ ಕಟ್ಟಡಗಳ ನಡುವೆ ಸುಕುನಾಹಿಕೋನ ಅನ್ನುವ ಪುಟ್ಟ ದೇವಸ್ಥಾನ ಇದೆ. ನವೆಂಬರ್ 22, 23ಕ್ಕೆ ಅಲ್ಲಿ ಜಾತ್ರೆ. ಬಿದಿರಿನ ಎಲೆಯ ಟೊಂಗೆಗೆ ಕಾಗದದ ಹಳದಿ ಹುಲಿ ಕಟ್ಟಿ ಕೊಡುತ್ತಾರೆ. 1822ರಲ್ಲಿ ಊರಿಗೆ ಕಾಲರಾ ಬಂದಾಗ ಇಲ್ಲಿನ ಔಷಧಿ ವ್ಯಾಪಾರಿಗಳು ಹುಲಿಯ ತಲೆಬುರುಡೆಯ ಎಲುಬು ಹಾಕಿ ಗುಳಿಗೆ ಮಾಡಿ ಹಂಚಿದ್ದರಂತೆ, ಜೊತೆಗೆ ಇಂಥದ್ದೇ ಕಾಗದದ ಹುಲಿ. ಆ ಹುಲಿ ಈಗ ನಮ್ಮ ಅಡುಗೆಮನೆ ಗೋಡೆ ಮೇಲಿದೆ, ಕೆಳಗೆ ನೋಟ್‌ಬುಕ್ ನೇತುಹಾಕಿದ್ದೇನೆ.

ಮೊದಲ ನಮೂದು ಶೀತದ್ದು. ಸಂಜೆ ಐದಕ್ಕೆ ಆಫೀಸಿನಲ್ಲಿ ಚಳಿ ಹತ್ತಿತು, ಕತ್ತಿನ ಹಿಂದೆ ಬಿಗಿ, ಬೆವರು ಒಂದು ಹನಿ ಇಲ್ಲ. ಡಾಕ್ಟರು ಮೊದಲೇ ಕೊಟ್ಟಿದ್ದ 1ನೇ ನಂಬರು, ಕಕ್ಕೊನ್‌ತೋ, ಬಿಸಿ ನೀರಿನಲ್ಲಿ ಕರಗಿಸಿ ಕುಡಿದೆ. ಕುಜು ಬಳ್ಳಿಯ ಬೇರು, ಎಫೆಡ್ರಾ, ಚಕ್ಕೆ, ಶುಂಠಿ, ಅತಿಮಧುರ, ಪಿಯೊನಿ ಹೂವಿನ ಗಿಡದ ಬೇರು, ಬೋರೆಹಣ್ಣಿನ ಜಾತಿಯ ಒಂದು ಒಣಹಣ್ಣು, ಒಟ್ಟು ಏಳು. ಲೋಟ ಮೂಗಿನ ಹತ್ತಿರ ತಂದರೆ ಮೊದಲು ಬರುವುದು ಚಕ್ಕೆಯ ವಾಸನೆ, ಕುಡಿದರೆ ಸ್ವಲ್ಪ ಸಿಹಿ, ಆಮೇಲೆ ನಾಲಿಗೆ ಮೇಲೆ ಒಗರು ಉಳಿಯುತ್ತದೆ. ಹೊದ್ದು ಮಲಗಿದೆ. ಒಂದೂವರೆ ಗಂಟೆ ಕಳೆದ ಮೇಲೆ ಬೆನ್ನು ಬೆವರಿತು, ಬೆಳಿಗ್ಗೆಗೆ ಮೈ ಹಗುರ.

ಎರಡು ದಿನ ಬಿಟ್ಟು ಹೆಂಡತಿಗೆ ಅದೇ ಶೀತ ಅಂಟಿತು. ನಾನು ಕೂಡಲೇ 1ನೇ ನಂಬರಿನ ಪ್ಯಾಕೆಟ್ ಹರಿಯಲು ಹೋದೆ, ಅವಳು ಬೇಡ ಅಂದಳು, ಡಾಕ್ಟರ ಹತ್ತಿರವೇ ಹೋದಳು. ಅವಳದ್ದೇ ಸರಿಯಾಯಿತು. ಅವಳಿಗೆ ಆಗಲೇ ಕುಳಿತಲ್ಲೇ ಸಣ್ಣಗೆ ಬೆವರು ಬರುತ್ತಿತ್ತು, ಮೊದಲಿಂದಲೂ ಹೊಟ್ಟೆ ಸೂಕ್ಷ್ಮ. ಡಾಕ್ಟರು 45ನೇ ನಂಬರು ಕೊಟ್ಟರು, ಕೆಯ್‌ಶಿ-ತೋ. ಮನೆಗೆ ಬಂದು ಎರಡರ ಚೀಟಿ ಪಕ್ಕಪಕ್ಕ ಇಟ್ಟು ಓದಿದೆ. 45ರಲ್ಲಿ ಇರುವ ಐದೂ 1ರಲ್ಲಿ ಇವೆ. ಅದಕ್ಕೆ ಕುಜು ಮತ್ತು ಎಫೆಡ್ರಾ ಸೇರಿಸಿದರೆ 1 ಆಗುತ್ತದೆ. ಬೆವರದವನನ್ನು ಬೆವರಿಸಲು ಎಫೆಡ್ರಾ ಬೇಕು. ಆಗಲೇ ಬೆವರುತ್ತಿರುವವಳಿಗೆ ಅದನ್ನು ಕೊಟ್ಟರೆ ಇನ್ನಷ್ಟು ಸುಸ್ತು, ಎದೆ ಬಡಿತ ಬೇರೆ ಜಾಸ್ತಿಯಾಗಬಹುದು. 1885ರಲ್ಲಿ ನಾಗಾಯ್ ನಾಗಾಯೊಶಿ ಅನ್ನುವ ಜಪಾನಿ ವಿಜ್ಞಾನಿ, ಎದೆ ಬಡಿತ ಏರಿಸುವ ಎಫೆಡ್ರಿನ್ ಅನ್ನುವ ಔಷಧಿಯನ್ನು ಬೇರ್ಪಡಿಸಿದ್ದು ಇದೇ ಗಿಡದಿಂದ. ಸುಮ್ನೆ ಸೊಪ್ಪುಸದೆ ಅಂತ ತಿಳಿಯುವ ಹಾಗಿಲ್ಲ.

ಕಂಪೋ ಡಾಕ್ಟರು ಇದನ್ನು 'ಶೋ' ಅನ್ನುತ್ತಾರೆ. ರೋಗದ ಹೆಸರಿಗಿಂತ ಮುಖ್ಯ, ಈ ಹೊತ್ತಿನಲ್ಲಿ ಈ ಮೈ ಹೇಗಿದೆ ಅನ್ನುವುದು. ನನ್ನ ಮೊದಲ ತಪಾಸಣೆ ನೆನಪಿದೆ. ಕಾಲು ಚಾಚಿ ಅಂಗಾತ ಮಲಗಿಸಿದರು, ನಾಲಿಗೆ ನೋಡಿದರು, ಎರಡೂ ಕೈಯ ನಾಡಿ ಹಿಡಿದರು, ಆಮೇಲೆ ಹೊಟ್ಟೆ. ಪಕ್ಕೆಲುಬಿನ ಕೆಳಗೆ ಬೆರಳು ಒತ್ತಿ ಬಿಗಿ ಇದೆಯಾ ಅಂತ, ಹೊಕ್ಕುಳ ಸುತ್ತ ಒತ್ತಿ ನೋವಾ ಅಂತ. ಹೀಗೆ ಹೊಟ್ಟೆ ಮುಟ್ಟಿ ನೋಡುವುದನ್ನು ಬಹಳ ಬೆಳೆಸಿದವರು ಜಪಾನಿನವರೇ. 18ನೇ ಶತಮಾನದ ಯೊಶಿಮಾಸು ತೋದೋ ಅನ್ನುವ ವೈದ್ಯರು ಎಲ್ಲಾ ಕಾಯಿಲೆಯ ಬೇರು ಹೊಟ್ಟೆಯಲ್ಲೇ ಅಂತ ನಂಬಿದ್ದವರು.

ಜನವರಿ, ಫೆಬ್ರವರಿ

ಇಲ್ಲಿ ನಿಧಾನವಾಗಿ ಬರೆಯಬೇಕು.

ಚಳಿಗಾಲಕ್ಕೆ ನನಗೆ ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತದೆ. ಎರಡು ಗಂಟೆ ರಾತ್ರಿಗೆ ಕಾಲು ಕಲ್ಲಾಗಿ, ಬಾಯಿ ಮುಚ್ಚಿಕೊಂಡು ಕಿರುಚುವಂಥ ನೋವು. ಡಾಕ್ಟರು 68 ಕೊಟ್ಟರು, ಶಾಕುಯಾಕು-ಕಂಜೋ-ತೋ. ಅದರಲ್ಲಿರುವುದು ಎರಡೇ, ಪಿಯೊನಿ ಬೇರು ಮತ್ತು ಅತಿಮಧುರ. ಮೊದಲ ರಾತ್ರಿ ಗಡಿಯಾರ ನೋಡಿ ಬರೆದಿದ್ದೇನೆ: 2:10ಕ್ಕೆ ತಗೊಂಡೆ, 2:16ಕ್ಕೆ ಕಾಲು ಬಿಟ್ಟಿತು. ಆರು ನಿಮಿಷ! ಗಿಡಮೂಲಿಕೆ ಅಂದರೆ ತಿಂಗಳಾನುಗಟ್ಟಲೆ ಕುಡಿಯಬೇಕು ಅನ್ನುವ ನನ್ನ ನಂಬಿಕೆ ಅವತ್ತು ಹೋಯಿತು.

ಡಾಕ್ಟರು ಹೇಳಿದ್ದು, ಹಿಡಿದಾಗ ಮಾತ್ರ ಒಂದು ಪ್ಯಾಕೆಟ್ ಅಂತ. ನಾನು ಮಾಡಿದ್ದು, ಹಿಡಿಯದೇ ಇರಲಿ ಅಂತ ದಿನಕ್ಕೆ ಮೂರು, ಮೂರು ವಾರ. ನಡುವೆ ಹೆಗಲು ಬಿಗಿ ಅಂತ ಮನೆಯಲ್ಲಿ ಉಳಿದಿದ್ದ 1ನೇ ನಂಬರನ್ನೂ ಸೇರಿಸಿದೆ. ಫೆಬ್ರವರಿ ಮಧ್ಯಕ್ಕೆ ಸಂಜೆ ಸಾಕ್ಸ್ ತೆಗೆದರೆ ಕಾಲಿನ ಮೇಲೆ ಅದರ ಅಂಚು ಗುಂಡಿ ಬಿದ್ದ ಹಾಗೆ ಕಾಣುತ್ತಿತ್ತು, ಹೆಬ್ಬೆರಳಿನಿಂದ ಒತ್ತಿದರೆ ತಗ್ಗು ಹಾಗೇ ಉಳಿಯುತ್ತಿತ್ತು. ಮೆಟ್ಟಿಲು ಹತ್ತಿದರೆ ತೊಡೆ ಸೋಲುತ್ತಿತ್ತು. ಬಿಪಿ ಯಾವಾಗಲೂ 118/76 ಇರುವವನಿಗೆ 148/94. ರಕ್ತ ಪರೀಕ್ಷೆಯಲ್ಲಿ ಪೊಟ್ಯಾಷಿಯಂ 3.1, ಅದು 3.5ಕ್ಕಿಂತ ಮೇಲಿರಬೇಕು.

ಕಾರಣ ಅತಿಮಧುರ. ಅದರಲ್ಲಿರುವ ಗ್ಲಿಸಿರೈಜಿನ್ ಜಾಸ್ತಿಯಾದರೆ ಮೈ ಉಪ್ಪು ನೀರನ್ನು ಹಿಡಿದಿಟ್ಟುಕೊಂಡು ಪೊಟ್ಯಾಷಿಯಂ ಹೊರಗೆ ಹಾಕುತ್ತದೆ. ಡಾಕ್ಟರು ನನ್ನ ನೋಟ್‌ಬುಕ್ ತೆಗೆದುಕೊಂಡು ಅಲ್ಲೇ ಲೆಕ್ಕ ಹಾಕಿದರು. 68ರಲ್ಲಿ ಒಂದು ದಿನದ ಪೂರ್ತಿ ಪ್ರಮಾಣಕ್ಕೆ ಅತಿಮಧುರ 6 ಗ್ರಾಂ. 1ರಲ್ಲಿ 2 ಗ್ರಾಂ. ಎರಡೂ ಸೇರಿ 8. ದಿನಕ್ಕೆ 2.5 ಗ್ರಾಂ ದಾಟುವ ಔಷಧಿಗಳ ವಿಷಯದಲ್ಲೇ ಇಲ್ಲಿ ವೈದ್ಯರು ಎಚ್ಚರ ವಹಿಸುತ್ತಾರೆ. ಅವರು ಬೈಯಲಿಲ್ಲ, ಆದರೆ ಆ ಪುಟದ ಮೇಲೆ ಕೆಂಪು ಪೆನ್ನಿನಲ್ಲಿ 8 ಅಂತ ಬರೆದು ಸುತ್ತು ಹಾಕಿದರು. ಎರಡೂ ನಿಲ್ಲಿಸಿದೆ. ಮೂರು ವಾರಕ್ಕೆ ಊತ ಇಳಿಯಿತು, ಬಿಪಿ ಮೊದಲಿನ ಹಾಗಾಯಿತು.

ಕಂಪೋ ಮಿಶ್ರಣಗಳಲ್ಲಿ ಬಹಳಷ್ಟಕ್ಕೆ ಅತಿಮಧುರ ಬೀಳುತ್ತದೆ, ಅದೇ ತೊಂದರೆ. ಶೀತಕ್ಕೆ ಒಂದು, ಕೆಮ್ಮಿಗೆ ಒಂದು, ನೋವಿಗೆ ಒಂದು ಅಂತ ಮೂರು ಕಡೆಯಿಂದ ತಂದರೆ ನಮಗೇ ಗೊತ್ತಿಲ್ಲದೆ ಒಂದೇ ಬೇರು ಮೂರು ಸಲ ಹೊಟ್ಟೆಗೆ ಹೋಗುತ್ತದೆ. ಈಗ ನೋಟ್‌ಬುಕ್‌ನಲ್ಲಿ ಅದಕ್ಕೇ ಒಂದು ಕಾಲಂ ಎಳೆದಿದ್ದೇನೆ. ಇವತ್ತು ಒಟ್ಟು ಎಷ್ಟು ಗ್ರಾಂ ಅಂತ. ಈಗ 68 ನನ್ನ ತಲೆದಿಂಬಿನ ಹತ್ತಿರ ಒಂದೇ ಪ್ಯಾಕೆಟ್ ಇರುತ್ತದೆ, ತಿಂಗಳಿಗೆ ಎರಡೋ ಮೂರೋ ಸಲ ಬೇಕಾಗುತ್ತದೆ, ಅಷ್ಟೇ. ಕೆಲಸ ಮಾತ್ರ ಅಷ್ಟೇ ಚೆನ್ನಾಗಿ ಮಾಡುತ್ತದೆ.

ಮಾರ್ಚ್

ಒಣಕೆಮ್ಮು, ಹೆಂಡತಿಗೆ. 29ನೇ ನಂಬರು, ಬಾಕುಮೊಂದೋ-ತೋ. ಇದರಲ್ಲಿ ಅಕ್ಕಿ ಇದೆ! ಪಾಲಿಶ್ ಮಾಡದ ಅಕ್ಕಿ, ಔಷಧಿ ಅಂತಲೇ ಲೆಕ್ಕ. ಜ್ವರಕ್ಕೆ ಗಂಜಿ ಕುಡಿದು ಬೆಳೆದ ನಮಗೆ ಇದು ಓದಿ ಎಷ್ಟು ಖುಷಿಯಾಯಿತು ಅಂದರೆ ಇಬ್ಬರೂ ಪ್ಯಾಕೆಟ್ ಹಿಡಿದು ಸುಮ್ಮನೆ ಕುಳಿತೆವು. ಗಂಟಲು ಒಣಗಿ, ಕಫ ಬರದೆ, ಮಾತು ಶುರು ಮಾಡಿದರೆ ಕೆಮ್ಮು ಒತ್ತರಿಸಿಕೊಂಡು ಬರುತ್ತದಲ್ಲ, ಅಂಥದ್ದಕ್ಕೆ ಇದು. ನಾಲ್ಕನೇ ದಿನಕ್ಕೆ ರಾತ್ರಿ ನಿದ್ದೆ ಬಂತು. ಇದರಲ್ಲೂ ಅತಿಮಧುರ 2 ಗ್ರಾಂ, ಬರೆದುಕೊಂಡೆ.

ಇನ್ನೊಂದು ಸಂಗತಿ ನಾನು ತಗೊಂಡದ್ದಲ್ಲ, ಆದರೆ ಬಿಡಲು ಮನಸ್ಸಿಲ್ಲ. ಆಫೀಸಿನ ಸಹೋದ್ಯೋಗಿಗೆ ಹೊಟ್ಟೆ ಆಪರೇಷನ್ ಆದ ಮೇಲೆ 100ನೇ ನಂಬರು ಕೊಟ್ಟಿದ್ದರು, ದಾಯ್‌ಕೆಂಚು-ತೋ, ಕರುಳು ಚಲಿಸಲಿ ಅಂತ. ಅದರಲ್ಲಿ ಒಣಶುಂಠಿ, ಜಿನ್ಸೆಂಗ್, ಮಾಲ್ಟ್ ಸಕ್ಕರೆ, ಜೊತೆಗೆ ಸಾನ್‌ಶೋ. ಸಾನ್‌ಶೋ ಕಾಳು ಒಂದು ಬಾಯಿಗೆ ಹಾಕಿಕೊಂಡೆ, ನಾಲಿಗೆ ಜುಮ್ ಅಂತು. ನಾನು ಕುಮಟಾ ಕಡೆಯವನು, ಆ ಜುಮ್ ನನಗೆ ಹೊಸದಲ್ಲ. ಬಂಗಡೆ ಸಾರಿಗೆ ಹಾಕುವ ಜುಮ್ಮನಕಾಯಿ ಇದೇ ಕುಲದ್ದು, ಹತ್ತಿರದ ಸಂಬಂಧಿ.

ಏಪ್ರಿಲ್, ಮೇ: ಮುಲಾಮು

ಈ ಯೋಜನೆಯಲ್ಲಿ ನಾನೇ ಕೈಯಾರೆ ಮಾಡಿದ್ದು ಇದೊಂದೇ. ಶಿಉಂಕೋ, ಅಂದರೆ ನೇರಳೆ ಮೋಡದ ಮುಲಾಮು. ಒಡೆದ ಹಿಮ್ಮಡಿ, ಸಣ್ಣ ಸುಟ್ಟಗಾಯ, ಬಿರುಕುಬಿಟ್ಟ ಕೈಗೆ. ಇದನ್ನು ಈ ರೂಪಕ್ಕೆ ತಂದವರು ಹನಾಒಕಾ ಸೆಯ್‌ಶು. ಇಲ್ಲೇ ಪಕ್ಕದ ವಾಕಾಯಾಮಾದವರು. 1804ರಲ್ಲಿ ದತ್ತೂರ, ವತ್ಸನಾಭಿ ಜಾತಿಯ ಬೇರು ಎಲ್ಲ ಸೇರಿಸಿ ಕುಡಿಸಿ, ರೋಗಿಗೆ ಪೂರ್ತಿ ಪ್ರಜ್ಞೆ ತಪ್ಪಿಸಿ ಸ್ತನದ ಗಡ್ಡೆ ತೆಗೆದ ವೈದ್ಯರು ಅವರೇ. ಪಶ್ಚಿಮದಲ್ಲಿ ಈಥರ್ ಬರುವುದಕ್ಕೆ ಇನ್ನೂ ನಲವತ್ತು ವರ್ಷ ಇತ್ತು.

ಬೇಕಾದದ್ದು: ಎಳ್ಳೆಣ್ಣೆ 100 ಗ್ರಾಂ, ಜೇನುಮೇಣ 35, ತೋಕಿ (ಸೆಲರಿ ಜಾತಿಯ ಒಂದು ಗಿಡ) ಬೇರು 10, ಶಿಕೋನ್ (ನೇರಳೆ ಬಣ್ಣ ಬಿಡುವ) ಬೇರು 10. ಸ್ವಲ್ಪ ಹಂದಿಕೊಬ್ಬೂ ಹಾಕುತ್ತಾರೆ, ಹೆಂಡತಿ ಒಪ್ಪಲಿಲ್ಲ, ಬಿಟ್ಟೆ. ಬೇರುಗಳನ್ನು ಕಂಪೋ ಅಂಗಡಿಯಲ್ಲಿ ಕೇಳಿ ತಂದೆ. ಶಿಕೋನ್ ಒಣಬೇರು ಕೈಯಲ್ಲಿ ಹಿಡಿದರೆ ಪದರ ಪದರ ಸಿಪ್ಪೆ ಏಳುತ್ತದೆ, ಬೆರಳಿಗೆ ಕಡುನೇರಳೆ ಹತ್ತುತ್ತದೆ. ಹಳೇ ಕಾಲದಲ್ಲಿ ಬಟ್ಟೆಗೆ ನೇರಳೆ ಬಣ್ಣ ಹಾಕುತ್ತಿದ್ದದ್ದೂ ಇದರಿಂದಲೇ.

ಮೊದಲ ಸಲ ಥರ್ಮಾಮೀಟರ್ ಇಲ್ಲದೆ ಅಂದಾಜಿಗೆ ಮಾಡಿದೆ. ಎಣ್ಣೆ ಹೊಗೆ ಬರುವಷ್ಟು ಕಾಯಿತು, ಶಿಕೋನ್ ಹಾಕಿದ ಕೂಡಲೇ ಕೆಂಪು ಬಂತು, ಎರಡು ನಿಮಿಷಕ್ಕೆ ಅದು ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಬಣ್ಣ ಸತ್ತುಹೋಗಿತ್ತು. ಪೂರ್ತಿ ಚೆಲ್ಲಿದೆ, ಆ ದಿನ ಬೇಜಾರಾಯಿತು, ಬೇರಿನ ಬೆಲೆ ಕಡಿಮೆ ಏನಲ್ಲ.

ಮೇ ಎರಡನೇ ಭಾನುವಾರ ಮತ್ತೆ ಕುಳಿತೆ. ಎಣ್ಣೆ ಕಾಸಿ ಮೇಣ ಕರಗಿಸಿದೆ. ತೋಕಿ ಹಾಕಿ ಅದು ಕಂದಾಗಿ ಗರಿಗರಿ ಆಗುವವರೆಗೆ ಬಿಟ್ಟು ತೆಗೆದೆ, ಮನೆ ತುಂಬ ಸೆಲರಿ ಥರದ ವಾಸನೆ. ಆಮೇಲೆ 140 ಡಿಗ್ರಿ ದಾಟದ ಹಾಗೆ ನೋಡಿಕೊಂಡು ಶಿಕೋನ್ ಹಾಕಿದೆ. ಬೇರಿನ ಸುತ್ತ ಸಣ್ಣ ಗುಳ್ಳೆ ಎದ್ದವು, ಒಂದೊಂದು ಗುಳ್ಳೆಯಿಂದಲೂ ನೇರಳೆ ನೂಲು ಬಿಚ್ಚಿದ ಹಾಗೆ ಬಣ್ಣ ಎಣ್ಣೆಗೆ ಇಳಿಯಿತು, ಅರ್ಧ ನಿಮಿಷದಲ್ಲಿ ಪಾತ್ರೆಯ ತಳ ಕಾಣದಾಯಿತು. ತಕ್ಷಣ ಬಟ್ಟೆಯಲ್ಲಿ ಸೋಸಿದೆ, ತಣಿಯುವವರೆಗೂ ಕೈ ಬಿಡದೆ ಕದಡಿದೆ. ಬೆಣ್ಣೆಯ ಹದಕ್ಕೆ ಬಂದಾಗ ಕೆಂಪು ಬೆರೆತ ಕಡುನೇರಳೆ. ಮೂರು ಪುಟ್ಟ ಡಬ್ಬಿ ಆಯಿತು.

ಹಿಮ್ಮಡಿಗೆ ರಾತ್ರಿ ಹಚ್ಚಿ ಹಳೇ ಸಾಕ್ಸ್ ಹಾಕಿ ಮಲಗಬೇಕು, ಇಲ್ಲದಿದ್ದರೆ ಹಾಸಿಗೆ ಬಟ್ಟೆ ನೇರಳೆ, ಎಷ್ಟು ಒಗೆದರೂ ಹೋಗುವುದಿಲ್ಲ. ಹೆಂಡತಿಯ ಎಡಗಾಲಿನ ಬಿರುಕಿಗೆ ಹಚ್ಚಿದೆವು, ಬಲಗಾಲಿಗೆ ಬರೀ ವ್ಯಾಸಲೀನ್. ಹತ್ತು ದಿನಕ್ಕೆ ಎಡಗಾಲು ಮೊದಲು ಕೂಡಿತು. ಒಂದೇ ಜೋಡಿ ಕಾಲಿನ ಲೆಕ್ಕ ಇದು, ಇದರಿಂದ ದೊಡ್ಡದೇನೂ ಹೇಳಲು ಬರುವುದಿಲ್ಲ, ಆದರೆ ಬರೆದಿಟ್ಟಿದ್ದೇನೆ.

ಜೂನ್

ಮಳೆಗಾಲ ಶುರುವಾಗಿದೆ. ಮಳೆ ಬರುವ ಹಿಂದಿನ ದಿನ ನನಗೆ ಬರುವ ತಲೆನೋವಿಗೆ 17, ಗೊರೆಯ್‌ಸಾನ್ ಹಿಡಿದಿದ್ದೇನೆ. ಇದರಲ್ಲಿ ಅತಿಮಧುರ ಇಲ್ಲ. ಗಾಳಿಯ ಒತ್ತಡ ಎಷ್ಟು, ನೋವು ಹತ್ತಕ್ಕೆ ಎಷ್ಟು ಅಂತ ದಿನಾ ಬರೆಯುತ್ತಿದ್ದೇನೆ. ಇನ್ನೂ ಎರಡು ವಾರದ ಲೆಕ್ಕ ಮಾತ್ರ, ಮುಂದಿನ ಸಲ ಹೇಳುತ್ತೇನೆ.

ಹೋದ ವಾರ ಅಮ್ಮನಿಗೆ ಫೋನ್ ಮಾಡಿದಾಗ ನನ್ನ ಕಾಲು ಊದಿದ ಕಥೆ ಹೇಳಿದೆ. ಇಷ್ಟು ದಿನ ಹೇಳಿರಲಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅತಿಮಧುರ ಅಂದ್ರೆ ಮಕ್ಕಳಿಗೂ ಕೊಡ್ತೀವಲ್ಲೋ ತಮ್ಮಾ, ನಾನು ದಿನಾ ಬೆಳಿಗ್ಗೆ ಕಷಾಯಕ್ಕೆ ಹಾಕ್ತೇನೆ" ಅಂದರು. ಎಷ್ಟು ಹಾಕ್ತೀರಿ ಅಂತ ಕೇಳಿದೆ. ಒಂದು ಬೆರಳುದ್ದದ ತುಂಡು, ಚೆನ್ನಾಗಿ ಕುದಿಸಿ. ಎರಡು ವರ್ಷದಿಂದ ಬಿಪಿ ಮಾತ್ರೆ ನುಂಗುತ್ತಿದ್ದಾರೆ, ಅದರಲ್ಲಿ ಮೂತ್ರ ಹೋಗಿಸುವ ಮಾತ್ರೆಯೂ ಇದೆ, ಅದೂ ಪೊಟ್ಯಾಷಿಯಂ ಇಳಿಸುತ್ತದೆ. ಮಾತ್ರೆ ಬಿಡಬೇಡಿ, ಅತಿಮಧುರ ಮಾತ್ರ ಬಿಡಿ, ಡಾಕ್ಟರಿಗೆ ಕಷಾಯದ ವಿಷಯ ಹೇಳಿ, ರಕ್ತ ಪರೀಕ್ಷೆ ಮಾಡಿಸಿ ಅಂದೆ. "ಕಾಲು ನಂದೂ ಸಂಜೆಗೆ ಊದ್ತದೆ, ವಯಸ್ಸಾಯ್ತು ಅಂದ್ಕೊಂಡಿದ್ದೆ" ಅಂದರು.

ಸೋಮವಾರ ತಮ್ಮ ಕರೆದುಕೊಂಡು ಹೋಗುತ್ತಾನೆ. ನೋಟ್‌ಬುಕ್‌ನ 62ನೇ ಪುಟದ ಮೇಲೆ ಅಮ್ಮನ ಹೆಸರು ಬರೆದು ಖಾಲಿ ಬಿಟ್ಟಿದ್ದೇನೆ.