ಆಸ್ಪತ್ರೆಯೊಳಗಿದ್ದ ನರ್ಸ್‌ಗೆ ಯುದ್ಧದ ಪರಿಹಾರ ಹೇಗೆ?

"ವಿಯೆಟ್ನಾಂಗೆ ಹೋದ ಅಮೆರಿಕದ ನರ್ಸ್‌ಗಳು ಆಸ್ಪತ್ರೆಯೊಳಗೇ ಇದ್ದವರಲ್ಲವೇ? ಐವತ್ತು ವರ್ಷ ಕಳೆದ ಮೇಲೆ ಕಾಯಿಲೆಗೆ ಪರಿಹಾರ ಕೇಳಿದರೆ ಯಾರು ಕೊಡುತ್ತಾರೆ?" ಎಂದು ಕೇಳುವವರು ಬಹಳ. ಕೊಡುತ್ತಾರೆ, ಅರ್ಜಿ ಹಾಕಲು ಕಾಲಮಿತಿಯಿಲ್ಲ. ತೊಡಕೆಲ್ಲ ಇರುವುದು ಕಾಗದಪತ್ರದಲ್ಲಿ.

'ಒಳಗೇ ಇದ್ದವರು' ಅನ್ನುವುದೂ ಅರ್ಧ ಸತ್ಯ. 1969ರ ಜೂನ್ 8ರಂದು ವಿಯೆಟ್ನಾಂನ ಚು ಲಾಯ್‌ನಲ್ಲಿದ್ದ ಅಮೆರಿಕ ಸೇನೆಯ 312ನೇ ಇವ್ಯಾಕ್ಯುಯೇಶನ್ ಆಸ್ಪತ್ರೆಯ ಮೇಲೆ ರಾಕೆಟ್ ಬಿತ್ತು. ಕರ್ತವ್ಯದಲ್ಲಿದ್ದ ನರ್ಸ್ ಲೆಫ್ಟಿನೆಂಟ್ ಶರಾನ್ ಲೇನ್ ತೀರಿಕೊಂಡರು. ಆದರೂ ಕಾನೂನಿನ ಕಣ್ಣಿಗೆ ನರ್ಸ್ ಕಾದಾಡಿದವಳಲ್ಲ. ಕಾದಾಡಿದ ಸೈನಿಕನ ಮಾತನ್ನೇ ಪುರಾವೆಯಾಗಿ ಒಪ್ಪುತ್ತಿದ್ದ ಮಾಜಿ ಸೈನಿಕರ ಇಲಾಖೆ, ಪಿಟಿಎಸ್‌ಡಿಗೆ (ಆಘಾತದ ನಂತರ ಉಳಿಯುವ ಮಾನಸಿಕ ಕಾಯಿಲೆಗೆ) ಪರಿಹಾರ ಕೇಳಿದ ನರ್ಸ್‌ನಿಂದ ಆಘಾತ ತಂದ ಘಟನೆ ನಡೆದದ್ದಕ್ಕೆ ಬೇರೆ ದಾಖಲೆ ಕೇಳುತ್ತಿತ್ತು. 2010ರ ಜುಲೈನಲ್ಲಿ ನಿಯಮ ಸಡಿಲವಾಯಿತು. ಶತ್ರುದಾಳಿಯ ಭಯವೇ ಕಾರಣವೆಂದು ಇಲಾಖೆಯ ಮನೋವೈದ್ಯರೋ ಮನಶ್ಶಾಸ್ತ್ರಜ್ಞರೋ ಒಪ್ಪಿದರೆ, ಆ ಭಯ ಆಕೆ ಸೇವೆ ಮಾಡಿದ ಜಾಗಕ್ಕೂ ಸನ್ನಿವೇಶಕ್ಕೂ ಹೊಂದಿದರೆ, ಆಕೆಯ ಹೇಳಿಕೆ ಸಾಕು.

ಕಾಡಿನ ಎಲೆ ಉದುರಿಸಲು ಅಮೆರಿಕ ಸೇನೆ ಸಿಂಪಡಿಸಿದ ವಿಷ ಏಜೆಂಟ್ ಆರೆಂಜ್‌ನ ಲೆಕ್ಕ ಸುಲಭ. 1962ರ ಜನವರಿ 9ರಿಂದ 1975ರ ಮೇ 7ರ ನಡುವೆ ಒಂದೇ ದಿನ ವಿಯೆಟ್ನಾಂ ನೆಲದಲ್ಲಿ ಸೇವೆಯಲ್ಲಿದ್ದರೂ ವಿಷ ತಗುಲಿದೆ ಎಂದೇ ಭಾವಿಸುತ್ತಾರೆ. ಟೈಪ್ 2 ಮಧುಮೇಹ, ಪಾರ್ಕಿನ್ಸನ್, ಹೃದಯದ ರಕ್ತನಾಳದ ಕಾಯಿಲೆ, 2022ರಿಂದ ಅಧಿಕ ರಕ್ತದೊತ್ತಡ ಕೂಡ ಆ ವಿಷದಿಂದಲೇ ಬಂದವೆಂದು ಒಪ್ಪುವ ಕಾಯಿಲೆಗಳ ಪಟ್ಟಿಯಲ್ಲಿವೆ. ತಾಯಿ ವಿಯೆಟ್ನಾಂಗೆ ಹೋದ ಮೇಲೆ ಗರ್ಭದಲ್ಲಿ ಮೂಡಿದ ಮಗುವಿಗೆ ಕೆಲವು ಜನ್ಮದೋಷಗಳಿದ್ದರೆ ಮಗುವಿಗೇ ಮಾಸಿಕ ಹಣ ಉಂಟು. ಅದಕ್ಕೆ 21-0304 ನಮೂನೆ.

ಪಟ್ಟಿಯಲ್ಲಿಲ್ಲದ ಕಾಯಿಲೆಯದ್ದೇ ಪೇಚು. ರಕ್ತದಿಂದ ಹರಡುವ ಯಕೃತ್ತಿನ ಸೋಂಕು ಹೆಪಟೈಟಿಸ್ ಸಿ ನೋಡಿ. ಬರಿಗೈಯಲ್ಲಿ ರಕ್ತ ಮುಟ್ಟಿ ದುಡಿದವರಿಗೆ ಅದು ತಗುಲಿರಬಹುದು. ಆದರೆ ಆ ವೈರಸ್ ಗುರುತಾದದ್ದೇ 1989ರಲ್ಲಿ. ಸೇವೆಯಿಂದ ಬಿಡುಗಡೆಯಾಗುವಾಗಿನ ತಪಾಸಣೆಯ ಹಾಳೆಯಲ್ಲಿ ಅದು ಕಾಣುವುದೆಲ್ಲಿಂದ? ಇಲ್ಲಿ ಮೂರು ಸೇರಬೇಕು: ಈಗಿನ ರೋಗನಿರ್ಣಯ, ಸೇವೆಯಲ್ಲಿ ನಡೆದದ್ದು, ಎರಡನ್ನೂ ಜೋಡಿಸುವ ವೈದ್ಯರ ಪತ್ರ. 'ಇರಬಹುದು' ಎಂದು ಬರೆದ ಪತ್ರ ಪ್ರಯೋಜನಕ್ಕಿಲ್ಲ. 'ಹೌದೆನ್ನುವ ಸಾಧ್ಯತೆ ಅಲ್ಲವೆನ್ನುವಷ್ಟಾದರೂ ಇದೆ' ಎಂದಿರಬೇಕು, ಕಾರಣವೂ ಇರಬೇಕು. ತಕ್ಕಡಿ ಸಮವಾಗಿ ನಿಂತರೆ ಅರ್ಜಿದಾರರದ್ದೇ ಗೆಲುವು. ಸೇವೆಯಲ್ಲಿ ನಡೆದದ್ದಕ್ಕೆ ಜತೆಗೆ ದುಡಿದವರು 21-10210 ನಮೂನೆಯಲ್ಲಿ ಸಾಕ್ಷಿ ಬರೆಯಬಹುದು.

ಕಾಗದ ಹುಡುಕುವಾಗ ಹೆಸರು ಮರೆಯಬೇಡಿ. ಮದುವೆಯಾಗಿ ಅಡ್ಡಹೆಸರು ಬದಲಾದವರ ಕಡತ ಹಳೆಯ ಹೆಸರಿನಲ್ಲೇ ಇರುತ್ತದೆ. ವಿಯೆಟ್ನಾಂನಲ್ಲಿದ್ದೆ ಎಂದು ತೋರಿಸಲು ವಿಯೆಟ್ನಾಂ ಸೇವಾ ಪದಕವೊಂದನ್ನೇ ನಂಬಿಕೊಳ್ಳುವುದೂ ಸಲ್ಲ. ಥಾಯ್ಲೆಂಡ್‌ನಲ್ಲಿದ್ದು ಆ ಯುದ್ಧಕ್ಕೆ ನೆರವಾದವರಿಗೂ ಅದನ್ನು ಕೊಟ್ಟಿದ್ದಾರೆ. ವರ್ಗಾವಣೆಯ ಆದೇಶ ಬೇಕು.

ದಾಖಲೆ ಪೂರಾ ಸಿಗಲಿ ಎಂದು ಕಾಯುತ್ತ ಕೂತರೆ ನಷ್ಟ. ಹಣ ಎಣಿಕೆಯಾಗುವುದು ಸಾಮಾನ್ಯವಾಗಿ ಅರ್ಜಿ ತಲುಪಿದ ದಿನದಿಂದ. ಆದ್ದರಿಂದ ಮೊದಲು 21-0966 ನಮೂನೆ ಕೊಟ್ಟು ತಾರೀಖು ಕಾಯ್ದಿರಿಸಿ, ಒಂದು ವರ್ಷದೊಳಗೆ 21-526ಇಝಡ್ ಅರ್ಜಿ ತುಂಬಬೇಕು. ವರ್ಷ ದಾಟಿತೋ, ಆ ತಾರೀಖು ಹೋಯಿತು.

ಅಮೆರಿಕ ಸರ್ಕಾರದ ನೌಕರಿಯಲ್ಲಿ ಅಲ್ಲಿಗೆ ಹೋದ ನಾಗರಿಕ ನರ್ಸ್‌ಗಳಿಗೆ ಇದ್ಯಾವುದೂ ಅನ್ವಯಿಸದು. ಅವರು ಕಾರ್ಮಿಕ ಇಲಾಖೆಗೆ ಹೋಗಬೇಕು, ಅಲ್ಲಿ ಮೂರು ವರ್ಷದ ಗಡುವಿದೆ.